ಅಮಾವಾಸ್ಯೆ ನೀರು

"ಭಾವ, ಕಾಲೆತ್ತಿ!"

ಎತ್ತುವಷ್ಟರಲ್ಲಿ ಅಲೆ ಬಂದೇಬಿಟ್ಟಿತು. ಮೊಣಕಾಲು ಮುಳುಗಿಸಿ, ಬಂಡೆಯ ಸಂದಿಯಲ್ಲಿ ನೊರೆಗಟ್ಟಿ, ಹಿಂದಕ್ಕೆ ಸೆಳೆಯಿತು. ಆ ಸೆಳೆತಕ್ಕೆ ನನ್ನ ಎಡಗಾಲಿನ ಶೂ ಹೋಯಿತು. ಬಾಮೈದ ತೋಳು ಹಿಡಿಯದಿದ್ದರೆ ನಾನೂ ಹೋಗುತ್ತಿದ್ದೆ.

ಗೋಕರ್ಣದ ಪ್ಯಾರಡೈಸ್ ಬೀಚಿನಿಂದ ಹಾಫ್ ಮೂನ್ ಬೀಚಿನ ಕಡೆಗೆ ವಾಪಸು ಓಡಿ ಬರುತ್ತಿದ್ದೆವು. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಕಡಿದಾದ ಗುಡ್ಡ. ಮುಂದಿನ ಬಂಡೆ ಮುಳುಗಿತ್ತು. ತಿರುಗಿ ನೋಡಿದರೆ ದಾಟಿ ಬಂದ ಬಂಡೆಯೂ ಇಲ್ಲ.

ಕುಡ್ಲೆಯಿಂದ ಹೊರಟಾಗ ಇನ್ನೂ ನಸುಕು. ಗೇರುಮರಗಳ ಕೆಳಗೆ ತರಗೆಲೆ ತುಳಿಯುತ್ತ ಗುಡ್ಡ ಹತ್ತಿ, ಓಂ ಬೀಚಿನ ಎರಡು ಕಮಾನುಗಳನ್ನು ಮೇಲಿನಿಂದ ಕಂಡು, ಇಳಿದು, ಮತ್ತೆ ಹತ್ತಿ ಓಡಿದ್ದೆವು. ನಮ್ಮೂರ ಓಟವೆಂದರೆ ತಿಪಟೂರಿನ ತೋಟದ ಬದು, ಕೆರೆ ಏರಿ, ಮನಸ್ಸು ಬಂದರೆ ಚಿಕ್ಕನಾಯಕನಹಳ್ಳಿ ಬೆಟ್ಟದ ಕೆಂಪು ಧೂಳು. ನೀರಿಗಾಗಿ ಸಾವಿರ ಅಡಿ ಬೋರು ಕೊರೆಸುವ ಸೀಮೆಯವರನ್ನು ನೀರೇ ಅಟ್ಟಿಸಿಕೊಂಡು ಬರುತ್ತದೆಂದು ಯಾರು ತಾನೆ ಎಣಿಸಿಯಾರು?

ಕಡಲಿಗೆ ಅದರದೇ ಗಡಿಯಾರ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಇಳಿತ ಮುಗಿದು ನೀರು ತುಂಬಲು ಆರು ಗಂಟೆ ಚಿಲ್ಲರೆ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಟ್ಟುಗೂಡಿ ನೀರು ಎಂದಿಗಿಂತ ಮೇಲೇರುತ್ತದೆ. ಅಂದು ದೀಪಾವಳಿ ಅಮಾವಾಸ್ಯೆ. ಬೆಳಿಗ್ಗೆ ಒಣಗಿದ್ದ ಬಂಡೆಗಳು ಹತ್ತು ಗಂಟೆ ದಾಟುವಷ್ಟರಲ್ಲಿ ಕಡಲಿನ ಪಾಲಾಗಿದ್ದವು. ನೀರು ಇನ್ನೂ ಏರುತ್ತಲೇ ಇತ್ತು.

"ಈಜಿದ್ರೆ?" ಎಂದೆ.

"ಬ್ಯಾಡಿ ಭಾವ, ಬಂಡೆಗೆ ತಂದು ಬಡೀತೈತೆ. ಮ್ಯಾಕೇ ಹೋಗ್ಬೇಕು."

ತುರುವೇಕೆರೆ ಕಡೆಯ ಆಸಾಮಿ. ಮೀಸೆ ಚಿಗುರುವ ಮೊದಲೇ ತೆಂಗಿನಮರ ಹತ್ತಿದವನು. ದುಬಾರಿ ಶೂ ಎರಡನ್ನೂ ಕಿತ್ತು ಸಮುದ್ರಕ್ಕೆ ಎಸೆದ. (ಅವು ನಾನು ಕೊಡಿಸಿದ್ದು.) ಗುಡ್ಡದಲ್ಲೊಂದು ಬಿರುಕು, ಆಳೊಬ್ಬ ನುಸುಳುವಷ್ಟು. ಅಂಗಾಲುಗಳನ್ನು ಒಳಮುಖವಾಗಿ ಒತ್ತಿ, ಮೈಯೆತ್ತಿ, ಮತ್ತೆ ಒತ್ತಿ ಏರತೊಡಗಿದ. ಕೆಳಗಿನ ಕಪ್ಪು ಬಂಡೆಯ ತುಂಬ ಚಿಪ್ಪು ಕಚ್ಚಿಕೊಂಡಿತ್ತು, ಹಿಡಿದಲ್ಲೆಲ್ಲ ರಕ್ತ. ಅದರ ಮೇಲೆ ಜಂಬಿಟ್ಟಿಗೆ. ಬಿಸಿಲು ಗಾಳಿಗೆ ಒಣಗಿದ ಕಡೆ ಅದು ಕಬ್ಬಿಣದಷ್ಟು ಗಟ್ಟಿ. ತೇವ ಉಳಿದ ಕಡೆ ಬೆರಳಿಗೇ ಉದುರುತ್ತದೆ. ಯಾವುದು ಯಾವುದೆಂದು ಕಣ್ಣಿಗೆ ತಿಳಿಯದು. ಅವನು ಪ್ರತಿ ಹಿಡಿಯನ್ನೂ ಗೆಣ್ಣಿನಿಂದ ತಟ್ಟಿ, ಕಾಯಿ ಬಲಿತಿದೆಯೇ ಎಂದು ನೋಡುವವನ ಹಾಗೆ ಸದ್ದು ಆಲಿಸಿ, ಆಮೇಲೆ ಭಾರ ಬಿಡುತ್ತಿದ್ದ.

ಅವನು ಕಾಲಿಟ್ಟಲ್ಲೇ ನಾನು ಕೈಯಿಟ್ಟೆ. ಅರ್ಧದಾರಿಯಲ್ಲಿ ಹಿಡಿದ ಕಲ್ಲು ಕಿತ್ತು ಬಂತು. ಜಾರಿದೆ! ಎದೆ ತರಚಿತು, ಬಾಯಿಗೆ ಕೆಂಪು ಮಣ್ಣು ತುಂಬಿತು, ಬಲಗಾಲು ಎಲ್ಲೋ ತಡೆಯಿತು. ಕೆಳಗೆ ಅಲೆ ಅಪ್ಪಳಿಸಿ ಬೆನ್ನು ತೋಯಿಸಿತು.

"ಕೆಳಕ್ಕೆ ನೋಡ್ಬ್ಯಾಡಿ. ಉಸ್ರು ಬಿಡಿ. ಇದ ಹಿಡ್ಕಳಿ."

ಇಳಿಬಿಟ್ಟದ್ದು ಅವನ ಅಂಗಿ. ಒಂದು ತುದಿ ಮರದ ಬೇರಿಗೆ ಸುತ್ತಿ, ಬೇರನ್ನು ತಾನೇ ತಬ್ಬಿ ಕೂತಿದ್ದ. ಹೊಲಿಗೆ ಪಟಪಟ ಬಿಚ್ಚುತ್ತಿತ್ತು. ಒಂದು ಮೊಳ, ಇನ್ನೊಂದು ಮೊಳ... ಮುಳ್ಳಿನ ಪೊದೆಯೊಂದರ ಮೇಲೆ ಮುಖವಿಟ್ಟು ಬಿದ್ದೆ. ಅಷ್ಟು ಹಿತವಾದ ಮುಳ್ಳನ್ನು ನಾನು ಕಂಡಿಲ್ಲ.

ಮೇಲೆ ಕಾಡಿನ ಜಾಡು ಸಿಕ್ಕಿತು. ಅವನು ಬರಿಗಾಲು, ನಾನು ಒಂಟಿ ಶೂ. ಹಾಫ್ ಮೂನ್ ದಾಟಿ ಓಂ ಬೀಚಿಗೆ ಕುಂಟುತ್ತ ಇಳಿದೆವು. ನಾಲಿಗೆ ಅಂಗುಳಿಗೆ ಅಂಟಿತ್ತು. ಎಳನೀರಿನವನು ಒಂದಕ್ಕೆ ಎಪ್ಪತ್ತು ರೂಪಾಯಿ ಅಂದ. ಬಾಮೈದನ ಮುಖ ಕಪ್ಪಿಟ್ಟಿತು. ಬಲಿತ ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುವ ನಮ್ಮ ಕಡೆ ಎಳನೀರು ಕೆಡವುವುದೇ ಅರೆಮನಸ್ಸಿನ ಕೆಲಸ. ಕೊಂಡು ಕುಡಿಯುವ ಮಾತಂತೂ ಇಲ್ಲವೇ ಇಲ್ಲ.

"ಕುಡಿಯೋ, ದುಡ್ಡು ನಾನು ಕೊಡ್ತೀನಿ."

ಎರಡು ಬುರುಡೆ ಖಾಲಿ ಮಾಡಿ ಬಾಯೊರೆಸಿಕೊಂಡ.

"ಭಾವ, ಊರಲ್ಲಿ ಮಾತ್ರ ಹೇಳ್ಬ್ಯಾಡಿ."

"ಸಾಯ್ತಿದ್ವಲ್ಲ, ಅದನ್ನಾ?"

"ಅದ ಬೇಕಾದ್ರೆ ಹೇಳ್ಕಳಿ. ಎಳನೀರಿಗೆ ದುಡ್ಡು ಕೊಟ್ಟಿದ್ನ."