ಕಲ್ಲು ಒಂದೇ, ಕಾಲು ಬೇರೆ

ಎಡವಿದ ಕಾಲೇ ಎಡವುತ್ತೆ ಅಂತಾರೆ. ನಮ್ಮ ಪ್ರೋಗ್ರಾಮಿಂಗ್ ಕಸುಬಿನಲ್ಲಿ ಮಾತ್ರ ಕಾಲು ಬೇರೆ ಬೇರೆ, ಎಡವುವ ಕಲ್ಲು ಒಂದೇ. ಹತ್ತು ವರ್ಷದ ಹಿಂದೆ ಒಬ್ಬ ಮುಗ್ಗರಿಸಿದ ಕಡೆಯೇ ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿಯೂ ಮುಗ್ಗರಿಸುತ್ತಾಳೆ. ಯಾಕೆಂದರೆ ಮೊದಲು ಬಿದ್ದವನು ಅಂಗಿ ಕೊಡವಿಕೊಂಡು, ಯಾರೂ ನೋಡಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಟುಹೋಗಿರುತ್ತಾನೆ.

ಹಾಗೆ ಹೋಗದೆ ನಿಂತು ಹೇಳಿದವರಲ್ಲಿ ಜೋಶುವಾ ಬ್ಲಾಕ್ ಒಬ್ಬರು. ಜಾವಾ ಲೈಬ್ರರಿಗೆ ಬೈನರಿ ಸರ್ಚ್ ಬರೆದವರು ಇವರೇ. ನಿಘಂಟಿನ ನಡುವಿನ ಪುಟ ತೆಗೆದು, ನಮ್ಮ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಮತ್ತೆ ಆ ಅರ್ಧದ ನಡುವಿಗೆ ಹೋಗುತ್ತೇವಲ್ಲ, ಅದೇ ಉಪಾಯ. ನಡು ಸಿಗಬೇಕಾದರೆ ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿಸಿ ಎರಡರಿಂದ ಭಾಗಿಸಬೇಕು ಅಂತ ನಾವೆಲ್ಲ ಓದಿದ್ದು. ಆದರೆ 32 ಬಿಟ್‌ನ ಪೂರ್ಣಾಂಕದಲ್ಲಿ 214 ಕೋಟಿ ಚಿಲ್ಲರೆಗಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಪಟ್ಟಿಯಲ್ಲಿ ಸುಮಾರು 107 ಕೋಟಿಗಿಂತ ಹೆಚ್ಚು ನಮೂದುಗಳಿದ್ದರೆ ಆ ಮೊತ್ತ ಮಿತಿ ಮೀರಿ ಋಣ ಸಂಖ್ಯೆಯಾಗಬಹುದು. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿದ್ದ ಈ ದೋಷದ ಬಗ್ಗೆ ಬ್ಲಾಕ್ 2006ರಲ್ಲಿ ಬರೆದರು, ಅದು ತಾವು ಬರೆದ ಕೋಡಿನಲ್ಲೇ ಇತ್ತು ಅಂತ ಹೇಳಿಕೊಂಡೇ. ಪರಿಹಾರ ಒಂದೇ ಸಾಲು: ಕೊನೆಯದರಿಂದ ಮೊದಲನೆಯದನ್ನು ಕಳೆದು, ಬಂದದ್ದರ ಅರ್ಧವನ್ನು ಮೊದಲನೆಯದಕ್ಕೆ ಸೇರಿಸಿ.

ಬ್ಲಾಕ್ ದೊಡ್ಡ ಹೆಸರಿನವರು, ಹೇಳಿಕೊಂಡರೂ ಅವರ ಕುರ್ಚಿ ಅಲುಗಾಡುವುದಿಲ್ಲ ಅನ್ನಬಹುದು. ಸರಿ, ಹಾಗಾದರೆ 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ನೋಡಿ. ತಡರಾತ್ರಿ ಒಬ್ಬ ಇಂಜಿನಿಯರ್ ಎರಡನೇ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಲು ಹೋಗಿ ಮುಖ್ಯ ಸರ್ವರ್‌ನದ್ದನ್ನು ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನವೂ ಆಗಬೇಕಿದ್ದ ಬ್ಯಾಕಪ್ ಆಗಿರಲೇ ಇಲ್ಲ. ಆಗುತ್ತಿಲ್ಲ ಅಂತ ತಿಳಿಸುವ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು ಸುಮಾರು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ಪ್ರತಿ.

ಕಂಪನಿ ಇದನ್ನು ಮುಚ್ಚಿಡಲಿಲ್ಲ. ಸರಿಪಡಿಸುವ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿತು. ಆಮೇಲೆ ಬಂದ ವರದಿಯಲ್ಲಿ ಆ ಇಂಜಿನಿಯರ್ ಹೆಸರಿಲ್ಲ. ಇರುವುದು 'ಯಾಕೆ' ಅನ್ನುವ ಪ್ರಶ್ನೆ, ಉತ್ತರ ಸಿಕ್ಕಿದ ಮೇಲೂ ಮತ್ತೊಂದು 'ಯಾಕೆ'. ಅದನ್ನು ಓದಿದ ವಾರ ನಾನು ನಮ್ಮ ಬ್ಯಾಕಪ್ ಒಂದನ್ನು ತೆಗೆದು, ಅದರಿಂದ ನಿಜಕ್ಕೂ ಡೇಟಾ ವಾಪಸ್ ಬರುತ್ತಾ ಅಂತ ಪರೀಕ್ಷಿಸಿದೆ. ಯಾವ ಟ್ರೈನಿಂಗೂ ನನ್ನಿಂದ ಮಾಡಿಸದ ಕೆಲಸ ಅದು.

ಇದರ ತದ್ವಿರುದ್ಧವನ್ನೂ ಹತ್ತಿರದಿಂದ ಕಂಡಿದ್ದೇನೆ. ನಮ್ಮ ಟೀಮಿನ ಹುಡುಗನೊಬ್ಬ ಶುಕ್ರವಾರ ಸಂಜೆ ಒಬ್ಬ ಗ್ರಾಹಕರ ವಿಳಾಸ ಬದಲಿಸಲು ಅಪ್‌ಡೇಟ್ ಕ್ವೆರಿ ಓಡಿಸಿದ. 'ವೇರ್' ಅನ್ನುವ ಷರತ್ತು ಬಿಟ್ಟುಹೋಗಿತ್ತು. ಟೇಬಲ್‌ನಲ್ಲಿದ್ದ ಅಷ್ಟೂ ಜನ ಒಂದೇ ಮನೆಯಲ್ಲಿ ವಾಸ ಮಾಡತೊಡಗಿದರು! ಆಗಲೇ ಹೇಳಿದ್ದರೆ ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಅರ್ಧ ಗಂಟೆಯ ಕೆಲಸ. ಹೇಳಲಿಲ್ಲ. ಶನಿವಾರ, ಭಾನುವಾರ ಒಬ್ಬನೇ ಕೂತು ಹಳೇ ಲಾಗ್‌ಗಳಿಂದ ವಿಳಾಸ ಹೆಕ್ಕಿ ಹೆಕ್ಕಿ ತುಂಬಿಸಿದ. ಸೋಮವಾರ ಪಾರ್ಸೆಲ್‌ಗಳು ಎಲ್ಲೆಲ್ಲಿಗೋ ಹೋದಾಗಲೇ ನಮಗೆ ತಿಳಿದದ್ದು. ಅಷ್ಟರಲ್ಲಿ ಅವನು ತುಂಬಿಸಿದ್ದು ಯಾವುದು, ಗ್ರಾಹಕರೇ ಬದಲಿಸಿಕೊಂಡದ್ದು ಯಾವುದು ಅಂತ ಬಿಡಿಸಲಾಗದ ಕಲಸುಮೇಲೋಗರ.

"ಯಾಕಪ್ಪಾ ಹೇಳ್ಲಿಲ್ಲ?" ಅಂದೆ.

"ಹೋದ ತಿಂಗಳು ಇನ್ನೊಬ್ರದ್ದು ಹೆಸರು ಹಾಕಿ ಎಲ್ರಿಗೂ ಮೇಲ್ ಹೋಗಿತ್ತಲ್ಲ ಸರ್," ಅಂದ.

ಆ ಒಂದು ಮೇಲ್ ಇಡೀ ಟೀಮಿಗೆ ಕಲಿಸಿದ ಪಾಠ ಅದು: ಸಿಕ್ಕಿಬೀಳಬೇಡ. 'ಯಾರು ಮಾಡಿದ್ದು' ಅಂತ ಮೊದಲು ಕೇಳುವ ಕಡೆ ತಪ್ಪುಗಳು ಕಡಿಮೆಯಾಗುವುದಿಲ್ಲ, ಅಡಗಿಕೊಳ್ಳುತ್ತವೆ.

ಹುಡುಗ ಎರಡು ತಿಂಗಳಲ್ಲಿ ಕೆಲಸ ಬಿಟ್ಟ. ಅದಾದ ಮೇಲೆ ನಾವು ಒಂದು ಡಾಕ್ಯುಮೆಂಟ್ ಶುರು ಮಾಡಿದೆವು. ಮೊದಲ ಪುಟ ಆ ವಿಳಾಸಗಳದ್ದೇ. ಯಾರ ಹೆಸರೂ ಇಲ್ಲ, ನಾಲ್ಕೇ ಪ್ರಶ್ನೆ. ಏನು ಮಾಡಲು ಹೊರಟದ್ದು? ಆಗ ಅದು ಯಾಕೆ ಸರಿ ಅನ್ನಿಸಿತು? ಯಾವಾಗ ಗೊತ್ತಾಯಿತು? ಮುಂದಿನವರು ಇಲ್ಲೇ ಎಡವದಂತೆ ಏನು ಬದಲಾಯಿತು? ಎರಡನೆಯದಕ್ಕೆ ಪ್ರಾಮಾಣಿಕ ಉತ್ತರ ಬಂದರೆ ಓದುವವರಿಗೆ "ಅಯ್ಯೋ, ನಾನಾಗಿದ್ರೂ ಹೀಗೇ ಮಾಡ್ತಿದ್ದೆ" ಅನ್ನಿಸುತ್ತದೆ. ಕಲಿಯುವುದು ಶುರುವಾಗುವುದೇ ಅಲ್ಲಿಂದ. ಕೊನೆಯದಕ್ಕೆ "ಇನ್ಮೇಲೆ ಜಾಗ್ರತೆಯಿಂದ ಇರ್ತೀನಿ" ಅನ್ನುವುದು ಉತ್ತರವಲ್ಲ. ಶುಕ್ರವಾರ ಸಂಜೆ ಯಾರಲ್ಲೂ ಅಷ್ಟು ಜಾಗ್ರತೆ ಉಳಿದಿರುವುದಿಲ್ಲ. ಮೊದಲು ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಬರುತ್ತೆ ನೋಡು, ಟ್ರಾನ್ಸಾಕ್ಷನ್ ಒಳಗೇ ಅಪ್‌ಡೇಟ್ ಮಾಡು, ಲೆಕ್ಕ ತಾಳೆಯಾದರೆ ಮಾತ್ರ ಕಮಿಟ್ ಕೊಡು. ಇದು ಉತ್ತರ.

ಹೊಸದಾಗಿ ಸೇರುವವರಿಗೆ ಮೊದಲ ದಿನ ಅದನ್ನೇ ಓದಲು ಕೊಡುತ್ತೇವೆ. ಹೋದ ತಿಂಗಳು ಬಂದ ಹುಡುಗಿ ಪೂರ್ತಿ ಓದಿ ಕೇಳಿದ್ದು ಒಂದೇ ಮಾತು.

"ಸರ್, ಇದನ್ನೆಲ್ಲ ಮಾಡಿದವರು ಈಗ್ಲೂ ಇಲ್ಲೇ ಇದಾರಾ?"

"ಒಬ್ಬನ್ನ ಬಿಟ್ಟು ಎಲ್ರೂ ಇದಾರೆ," ಅಂದೆ.