ಹೇಗ್ ನಗರದ ಶಾಂತಿಸೌಧ

ಹಾಲೆಂಡ್ ದೇಶದ ರಾಜಧಾನಿ ಆಮ್‌ಸ್ಟರ್‌ಡಾಮ್. ಆದರೆ ಪಾರ್ಲಿಮೆಂಟು, ಮಂತ್ರಿಗಳ ಕಚೇರಿಗಳು, ದೇಶದ ಸರ್ವೋಚ್ಚ ನ್ಯಾಯಾಲಯ ಇವೆಲ್ಲವೂ ಇರುವುದು ಹೇಗ್ ನಗರದಲ್ಲಿ. ಹೆಸರನ್ನು ಒಂದು ಊರಿಗೆ ಕೊಟ್ಟು ಕೆಲಸವನ್ನು ಇನ್ನೊಂದಕ್ಕೆ ವಹಿಸಿರುವ ಈ ಏರ್ಪಾಡು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಡಚ್ಚರಿಗೆ ಅದರಲ್ಲಿ ಯಾವ ವಿಚಿತ್ರವೂ ಕಾಣುವುದಿಲ್ಲ.

ಹೇಗ್ ನೋಡಬಯಸುವವನು ಪಕ್ಕದ ಡೆಲ್ಫ್ಟ್ ಪಟ್ಟಣದಿಂದ ಟ್ರಾಮ್ ಹತ್ತಿ ಬರುವುದು ಲೇಸು. ಡೆಲ್ಫ್ಟಿನ ಪೇಟೆಚೌಕದಲ್ಲಿ ಹ್ಯೂಗೋ ಗ್ರೋಷಿಯಸನ ಪ್ರತಿಮೆ ನಿಂತಿದೆ. ಅಲ್ಲಿಯೇ ಇರುವ ‘ಹೊಸ ಚರ್ಚಿ’ನಲ್ಲಿ ಅವನ ಸಮಾಧಿಯಿದೆ. ಹೊಸದೆಂಬುದು ಹೆಸರಿಗೆ ಮಾತ್ರ, ಚರ್ಚಿಗೆ ಐದು ಶತಮಾನಗಳಿಗೂ ಮೀರಿದ ವಯಸ್ಸು! 1583ರಲ್ಲಿ ಈ ಊರಿನಲ್ಲಿ ಹುಟ್ಟಿದ ಗ್ರೋಷಿಯಸ್, ಮತ ಮತ್ತು ರಾಜಕಾರಣಗಳ ಜಗಳದಲ್ಲಿ ಸಿಕ್ಕಿ ಯಾವಜ್ಜೀವ ಸೆರೆವಾಸಕ್ಕೆ ಗುರಿಯಾದನು. ಅವನಿಗೆ ಓದಲು ಪುಸ್ತಕಗಳು ದೊಡ್ಡ ಪೆಟ್ಟಿಗೆಯೊಂದರಲ್ಲಿ ಬಂದು ಹೋಗುತ್ತಿದ್ದವು. 1621ರಲ್ಲಿ ಹೆಂಡತಿಯ ಉಪಾಯದಂತೆ ಅದೇ ಪೆಟ್ಟಿಗೆಯಲ್ಲಿ ಮುದುಡಿ ಕುಳಿತು ಕೋಟೆಯಿಂದ ಪಾರಾದನು. ನಾಲ್ಕು ವರ್ಷಗಳ ತರುವಾಯ, ಪರದೇಶದಲ್ಲಿದ್ದಾಗ, ಯುದ್ಧ ಮತ್ತು ಶಾಂತಿಗಳ ಧರ್ಮವನ್ನು ಕುರಿತ ಅವನ ಮಹಾಗ್ರಂಥ ಪ್ರಕಟವಾಯಿತು. ರಾಷ್ಟ್ರ ರಾಷ್ಟ್ರಗಳ ನಡುವೆಯೂ ಒಂದು ನ್ಯಾಯವುಂಟೆಂದು ಹೇಳಿದವರಲ್ಲಿ ಅವನಿಗೆ ಅಗ್ರಸ್ಥಾನ.

ಅಲ್ಲಿಂದ ಹೊರಟ ಟ್ರಾಮ್ ಹೇಗ್ ನಗರವನ್ನು ಹಾದು ಕಡಲತೀರಕ್ಕೆ ಹೋಗುತ್ತದೆ. ದಾರಿಯಲ್ಲಿ ಮರಗಳ ನಡುವೆ ಕೆಂಪು ಇಟ್ಟಿಗೆ ಮತ್ತು ಕಲ್ಲುಗಳ ಭಾರಿ ಕಟ್ಟಡವೊಂದು ಎದ್ದುಕಾಣುತ್ತದೆ. ಚರ್ಚೋ, ಅರಮನೆಯೋ, ಪುರಭವನವೋ ಎಂಬ ಸಂದೇಹ ಬರುವಂಥ ಕಟ್ಟಡ. ಅದೇ ಶಾಂತಿಸೌಧ. ಫ್ರಾನ್ಸಿನ ಶಿಲ್ಪಿ ಕೋರ್ದೊನಿಯೆ ರಚಿಸಿದ ನಕ್ಷೆಯಲ್ಲಿ ಗೋಪುರಗಳು ಇನ್ನೂ ಹೆಚ್ಚಾಗಿದ್ದವು. ಹಣ ಸಾಲದೆ ಅವನ್ನು ಕಡಿಮೆ ಮಾಡಿದರು. ಕಟ್ಟಡ ಒಂದು ಬದಿಗೆ ವಾಲಿದಂತೆ ತೋರುವುದು ಅದರಿಂದಲೇ ಇರಬೇಕು.

ಸೌಧದ ಮೂಲ 1899ರಲ್ಲಿದೆ. ರಷ್ಯದ ಚಕ್ರವರ್ತಿ ಎರಡನೆಯ ನಿಕೊಲಾಸನ ಕರೆಗೆ ಓಗೊಟ್ಟು 26 ರಾಷ್ಟ್ರಗಳ ಪ್ರತಿನಿಧಿಗಳು ಆ ವರ್ಷ ಹೇಗಿನಲ್ಲಿ ನೆರೆದು, ವ್ಯಾಜ್ಯಗಳನ್ನು ಪಂಚಾಯಿತಿಯಿಂದ ಬಗೆಹರಿಸಿಕೊಳ್ಳಲು ಒಂದು ಸ್ಥಿರವಾದ ಮಂಡಲಿಯನ್ನು ಏರ್ಪಡಿಸಿದರು. ಆ ಮಂಡಲಿಗೆ ಮನೆ ಬೇಕಾಯಿತು. ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ 1903ರಲ್ಲಿ 15 ಲಕ್ಷ ಡಾಲರುಗಳನ್ನು ಕೊಟ್ಟನು. ಉಳಿದ ರಾಷ್ಟ್ರಗಳು, ಮದುವೆಮನೆಗೆ ಬಳಗದವರು ಒಬ್ಬೊಬ್ಬರು ಒಂದೊಂದು ವಸ್ತುವನ್ನು ಹೊತ್ತು ತರುವಂತೆ, ತಮ್ಮ ತಮ್ಮ ನಾಡಿನ ಕೈಗೆಲಸವನ್ನು ಉಡುಗೊರೆಯಾಗಿ ಕಳುಹಿಸಿದವು. ಗೋಪುರದ ಗಡಿಯಾರ ಸ್ವಿಟ್ಜರ್ಲೆಂಡಿನದು. ಓಣಿಗಳ ಅಮೃತಶಿಲೆ ಇಟಲಿಯದು. ಮಹಾಸಭಾಂಗಣದ ಬಣ್ಣದ ಗಾಜಿನ ಕಿಟಕಿಗಳು ಬ್ರಿಟನ್ನಿನವು. ಜಪಾನಿನ ರೇಷ್ಮೆಯ ಭಿತ್ತಿಚಿತ್ರಗಳಿಂದ ಒಂದು ಕೊಠಡಿಯೇ ಅಲಂಕೃತವಾಗಿದೆ. ಅದರ ನೆಲದ ಮೇಲೆ ತುರ್ಕಿಯ ರತ್ನಗಂಬಳಿ. ಒಳಾಂಗಣದಲ್ಲಿ ಡೆನ್ಮಾರ್ಕಿನ ಕಾರಂಜಿ. ಚಕ್ರವರ್ತಿ ನಿಕೊಲಾಸನು ಕಳುಹಿಸಿದ ಹಸಿರು ಶಿಲೆಯ ಹೂದಾನಿ ಮೂರು ಟನ್ನಿಗೂ ಮಿಕ್ಕಿದ ಭಾರದ್ದು. ಹೊರಗಿನ ಕಬ್ಬಿಣದ ಹೆಬ್ಬಾಗಿಲು ಜರ್ಮನಿಯದು, ಒಳಗಿನ ಮುಂಬಾಗಿಲ ಕದಗಳು ಬೆಲ್ಜಿಯಮ್ಮಿನವು.

1913ರ ಆಗಸ್ಟ್ 28ರಂದು ಸೌಧದ ಪ್ರಾರಂಭೋತ್ಸವ ನಡೆಯಿತು. ಮರುವರ್ಷ ಆಗಸ್ಟಿನಲ್ಲಿ ಹೆಬ್ಬಾಗಿಲು ಕೊಟ್ಟ ದೇಶದ ಸೈನ್ಯವು ಕದ ಕೊಟ್ಟ ದೇಶವನ್ನು ತುಳಿದುಕೊಂಡು ಹೋಯಿತು. ಹೂದಾನಿಯ ದಾನಿಯೂ ಯುದ್ಧಕ್ಕೆ ನಿಂತು, ಕಡೆಗೆ ಸಿಂಹಾಸನವನ್ನೂ ಪ್ರಾಣವನ್ನೂ ಕಳೆದುಕೊಂಡನು. ಉಡುಗೊರೆಗಳು ಮಾತ್ರ ಇಟ್ಟಲ್ಲೇ ಇವೆ.

ಇಂದು ಈ ಸೌಧದಲ್ಲಿ ಆ ಹಳೆಯ ಪಂಚಾಯಿತಿ ಮಂಡಲಿಯೂ ಇದೆ. 1946ರಿಂದ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ನ್ಯಾಯಾಲಯವೂ ಇದೆ. ಆದರೆ ಸೌಧ ವಿಶ್ವಸಂಸ್ಥೆಯ ಸ್ವತ್ತಲ್ಲ. ಅದು ಕಾರ್ನೆಗಿಯ ಹೆಸರಿನ ಪ್ರತಿಷ್ಠಾನಕ್ಕೆ ಸೇರಿದ್ದು. ವಿಶ್ವಸಂಸ್ಥೆ ವರ್ಷಂಪ್ರತಿ ಹಣ ಸಲ್ಲಿಸಿ ಅದನ್ನು ಬಳಸಿಕೊಳ್ಳುತ್ತದೆ. ನ್ಯಾಯಾಧೀಶರು 15 ಮಂದಿ, ಅವರ ಅಧಿಕಾರಾವಧಿ ಒಂಬತ್ತು ವರ್ಷ. ಇಲ್ಲಿ ವಾದಿ ಪ್ರತಿವಾದಿಗಳಾಗಿ ನಿಲ್ಲತಕ್ಕವರು ರಾಷ್ಟ್ರಗಳು ಮಾತ್ರ, ಅದೂ ಅವುಗಳ ಸಮ್ಮತಿಯಿದ್ದರೆ. ಕಾನೂನಿನ ತೊಡಕುಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಭದ್ರತಾ ಮಂಡಲಿ ಮೊದಲಾದವು ನ್ಯಾಯಾಲಯದ ಸಲಹೆಯನ್ನು ಕೇಳಬಹುದು.

ಕನ್ನಡಿಗರು ಈ ಪೀಠದ ಮುಂದೆ ಒಂದು ಗಳಿಗೆ ನಿಂತು ನೆನೆಯಬೇಕಾದ ಹೆಸರೊಂದಿದೆ. ಮಂಗಳೂರಿನಲ್ಲಿ 1887ರಲ್ಲಿ ಜನಿಸಿದ ಬೆನೆಗಲ್ ನರಸಿಂಗರಾಯರು ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. 1950ರ ಜೂನ್ ತಿಂಗಳಲ್ಲಿ ಕೊರಿಯದ ಯುದ್ಧ ಸಿಡಿದಾಗ ಭದ್ರತಾ ಮಂಡಲಿಯ ಅಧ್ಯಕ್ಷಾಸನದಲ್ಲಿದ್ದವರು ಅವರೇ. 1952ರಲ್ಲಿ ಅವರು ಹೇಗಿನ ನ್ಯಾಯಾಧೀಶರಾದರು. ಎರಡು ವರ್ಷ ತುಂಬುವ ಮುನ್ನವೇ, 1953ರ ನವೆಂಬರಿನಲ್ಲಿ, ಜ್ಯೂರಿಕ್ಕಿನಲ್ಲಿ ತೀರಿಕೊಂಡರು.

ಸೌಧದ ಆವರಣದಲ್ಲಿ ನ್ಯಾಯಾಲಯದಷ್ಟೇ ಸ್ವಾರಸ್ಯವಾದ ಇನ್ನೊಂದು ಸಂಸ್ಥೆಯಿದೆ. 1923ರಿಂದ ಪಾಠ ಹೇಳುತ್ತಿರುವ ಅಂತರರಾಷ್ಟ್ರೀಯ ಕಾನೂನಿನ ಅಕಾಡೆಮಿಯದು. ಬೇಸಗೆ ಬಂದಿತೆಂದರೆ ನಾನಾ ದೇಶಗಳ ನೂರಾರು ತರುಣ ತರುಣಿಯರು ಅಲ್ಲಿ ಬಂದು ಸೇರುತ್ತಾರೆ. ಉಪನ್ಯಾಸಗಳು ಇಂಗ್ಲಿಷಿನಲ್ಲಿ, ಇಲ್ಲವೆ ಫ್ರೆಂಚಿನಲ್ಲಿ. ಆ ಉಪನ್ಯಾಸಗಳ ಸಂಪುಟಗಳೇ ನಾಲ್ಕು ನೂರನ್ನು ಮೀರಿವೆ. ಪಕ್ಕದಲ್ಲಿಯೇ ಗ್ರಂಥಭಂಡಾರ, ಪೆಟ್ಟಿಗೆಯಲ್ಲಿ ಕುಳಿತು ಓಡಿಹೋದ ಗ್ರೋಷಿಯಸನ ಕೃತಿಗಳಿಗೆ ಅಲ್ಲಿ ವಿಶೇಷ ಸ್ಥಾನ.

ಅಂತರರಾಷ್ಟ್ರೀಯ ಸಂಸ್ಥೆಗಳ ಕಾನೂನನ್ನು ಅಭ್ಯಾಸ ಮಾಡಲು ಬಂದ ವಿದ್ಯಾರ್ಥಿ ಮೊದಲು ತೆರೆಯುವುದು ವಿಶ್ವಸಂಸ್ಥೆಯ ಸನ್ನದನ್ನು. 111 ವಿಧಿಗಳ ಚಿಕ್ಕ ಹೊತ್ತಗೆ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆದರೆ ಓದಿದ್ದಕ್ಕೂ ನಡೆಯುವುದಕ್ಕೂ ಇರುವ ಅಂತರ ಬೇಗನೆ ಕಣ್ಣಿಗೆ ಬೀಳುತ್ತದೆ. ಭದ್ರತಾ ಮಂಡಲಿಯ ಮುಖ್ಯ ನಿರ್ಣಯಗಳಿಗೆ ಕಾಯಂ ಸದಸ್ಯರ ಸಹಮತದ ಮತಗಳು ಬೇಕೆಂದು ಸನ್ನದು ಹೇಳುತ್ತದೆ. ಕಾಯಂ ಸದಸ್ಯನೊಬ್ಬ ಮತ ಕೊಡದೆ ಸುಮ್ಮನಿದ್ದರೇನು? ಅಕ್ಷರಶಃ ಓದಿದರೆ ನಿರ್ಣಯ ಬೀಳಬೇಕು. ರೂಢಿಯಲ್ಲಿ ಅದು ನಿಲ್ಲುತ್ತದೆ. 1971ರಲ್ಲಿ ನಮೀಬಿಯದ ವಿಚಾರದಲ್ಲಿ ನ್ಯಾಯಾಲಯ ಆ ರೂಢಿಗೇ ಮುದ್ರೆಯೊತ್ತಿತು. ನರಸಿಂಗರಾಯರ ಅಧ್ಯಕ್ಷತೆಯಲ್ಲಿ ಕೊರಿಯದ ನಿರ್ಣಯಗಳಾದಾಗಲಂತೂ ಸೋವಿಯೆತ್ ಪ್ರತಿನಿಧಿಯ ಕುರ್ಚಿಯೇ ಬರಿದಾಗಿತ್ತು.

ಹಣದ ವಿಷಯವೂ ಹೀಗೆಯೇ. ಸೂಯೆಜ್ ಮತ್ತು ಕಾಂಗೋಗಳಿಗೆ ಕಳುಹಿಸಿದ ಶಾಂತಿಪಡೆಗಳ ವೆಚ್ಚವು ಸಂಸ್ಥೆಯ ವೆಚ್ಚವೇ ಎಂದು 1962ರಲ್ಲಿ ನ್ಯಾಯಾಲಯ ಸಲಹೆ ಕೊಟ್ಟಿತು. ಫ್ರಾನ್ಸ್ ಮತ್ತು ಸೋವಿಯೆತ್ ದೇಶಗಳು ಆಮೇಲೂ ಕೊಡಲಿಲ್ಲ. ಬಾಕಿದಾರರು ಮತವನ್ನು ಕಳೆದುಕೊಳ್ಳಬೇಕೆಂಬ ವಿಧಿಯಿದ್ದರೂ ಅದನ್ನು ಜಾರಿ ಮಾಡುವ ಧೈರ್ಯ ಯಾರಿಗಿದೆ? 1964ರ ಮಹಾಸಭೆಯಲ್ಲಿ, ಆ ಪ್ರಶ್ನೆಯೇ ಏಳದಂತೆ, ಮತ ಹಾಕುವ ಸಂದರ್ಭಗಳನ್ನೇ ತಪ್ಪಿಸಿಕೊಂಡು ಕಾಲ ತಳ್ಳಲಾಯಿತು. ಇಂಥವನ್ನು ಓದಿ ನಗುವವರುಂಟು. ಆದರೆ ದೊಡ್ಡ ಮನೆತನಗಳು ಒಡೆಯದೆ ಉಳಿಯುವುದು ಎಷ್ಟೋ ವೇಳೆ ಇಂಥ ಜಾಣತನದಿಂದಲೇ ಅಲ್ಲವೆ?

ಈ ಶಾಸ್ತ್ರದ ತಾಯಿಬೇರು ಮಾತ್ರ ಬೇರೊಂದು ಅಭಿಪ್ರಾಯದಲ್ಲಿದೆ. ಪ್ಯಾಲೆಸ್ಟೈನಿನ ಜಗಳದಲ್ಲಿ ಸಂಧಾನಕ್ಕೆಂದು ವಿಶ್ವಸಂಸ್ಥೆ ಕಳುಹಿಸಿದ್ದ ಸ್ವೀಡನ್ನಿನ ಕೌಂಟ್ ಬರ್ನಡೋಟ್ 1948ರ ಸೆಪ್ಟೆಂಬರ್ 17ರಂದು ಜೆರೂಸಲೇಮಿನ ಬೀದಿಯಲ್ಲಿ ಗುಂಡಿಗೆ ಬಲಿಯಾದನು. ಸತ್ತವನು ಸ್ವೀಡನ್ನಿನ ಪ್ರಜೆ. ಆದರೆ ಸತ್ತದ್ದು ಸಂಸ್ಥೆಯ ಕೆಲಸದಲ್ಲಿ. ಪರಿಹಾರವನ್ನು ಸಂಸ್ಥೆಯೇ ಕೇಳಬಹುದೆ? ಕೇಳಬೇಕಾದರೆ ಅದು ಕಾನೂನಿನ ಕಣ್ಣಿಗೆ ಒಂದು ವ್ಯಕ್ತಿಯಾಗಿರಬೇಕು. ಅಂತರರಾಷ್ಟ್ರೀಯ ಕಾನೂನಿನಲ್ಲಿ ತಾನೊಂದು ವ್ಯಕ್ತಿ ಎಂದು ಸಂಸ್ಥೆ ತನ್ನ ಸನ್ನದಿನಲ್ಲಿ ಎಲ್ಲಿಯೂ ಬರೆದುಕೊಂಡಿರಲಿಲ್ಲ. 1949ರ ಏಪ್ರಿಲ್ 11ರಂದು ನ್ಯಾಯಾಲಯ ಉತ್ತರವಿತ್ತಿತು. ಸಂಸ್ಥೆ ರಾಷ್ಟ್ರವಲ್ಲ, ರಾಷ್ಟ್ರಗಳ ಮೇಲಿನ ಮಹಾರಾಷ್ಟ್ರವೂ ಅಲ್ಲ. ಆದರೂ ಅದಕ್ಕೆ ವ್ಯಕ್ತಿತ್ವವುಂಟು, ತನ್ನ ಸೇವಕನ ಪರವಾಗಿ ಅದು ಹಕ್ಕು ಸಾಧಿಸಬಹುದು, ತನ್ನ ಸದಸ್ಯನಲ್ಲದ ರಾಷ್ಟ್ರದ ಎದುರಿನಲ್ಲಿಯೂ ಕೂಡ. ಇಸ್ರೇಲ್ ಆ ದಿನ ಇನ್ನೂ ಸದಸ್ಯನಾಗಿರಲಿಲ್ಲ. ಮರುವರ್ಷ ಅದು ಪರಿಹಾರದ ಹಣವನ್ನು ತೆತ್ತಿತು.

ದೇಹವಿಲ್ಲದ ವ್ಯಕ್ತಿ ಎಂಬ ಈ ಕಲ್ಪನೆ ಭಾರತದ ವಿದ್ಯಾರ್ಥಿಗೆ ಅಷ್ಟೇನೂ ಹೊಸದಲ್ಲ. ಗುಡಿಯ ದೇವರು ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯೆಂದು ಇಲ್ಲಿನ ನ್ಯಾಯಾಲಯಗಳು ಒಪ್ಪಿ ಬಹುಕಾಲವಾಯಿತು. ದೇವರಿಗೆ ಗದ್ದೆಯಿರಬಹುದು, ತೋಟವಿರಬಹುದು. ದೇವರು ದಾವೆ ಹೂಡಬಹುದು. ದೇವರ ಮೇಲೂ ದಾವೆ ಹೂಡಬಹುದು.

ಹೋಲಿಕೆ ನಿಂತುಹೋಗುವುದು ಈ ಕೊನೆಯ ಮಾತಿನಲ್ಲಿಯೇ. ವಿಶ್ವಸಂಸ್ಥೆ ದಾವೆ ಹೂಡಬಲ್ಲದು. ಅದರ ಮೇಲೆ ಹೂಡುವಂತಿಲ್ಲ. ಯಾವ ದೇಶದ ನ್ಯಾಯಾಲಯವೂ ಸಂಸ್ಥೆಯನ್ನು ಎಳೆದು ನಿಲ್ಲಿಸಕೂಡದೆಂದು 1946ರ ಒಪ್ಪಂದ ವಿಧಿಸಿದೆ. ಆ ರಕ್ಷೆ ಅನವಶ್ಯಕವೆನ್ನಲಾಗದು. ಅದಿಲ್ಲದಿದ್ದರೆ ಪ್ರತಿಯೊಂದು ಸರ್ಕಾರವೂ ತನ್ನ ಊರಿನ ಕೋರ್ಟಿನ ಮೂಲಕ ಸಂಸ್ಥೆಯ ಕೈ ಕಟ್ಟಿಹಾಕಬಹುದಾಗಿತ್ತು. ಆದರೆ ಅದೇ ಒಪ್ಪಂದದ 29ನೆಯ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಖಾಸಗಿ ಸ್ವರೂಪದ ವ್ಯಾಜ್ಯಗಳ ಪರಿಹಾರಕ್ಕೆ ಸಂಸ್ಥೆಯೇ ತಕ್ಕ ಏರ್ಪಾಡನ್ನು ಮಾಡತಕ್ಕದ್ದು. ಮೊದಲ ಮಾತು ಎಲ್ಲೆಡೆಯೂ ನಡೆಯುತ್ತದೆ. ಎರಡನೆಯದರ ಗತಿ ಏನಾಯಿತೆಂಬುದನ್ನು ಹೇಗ್ ನಗರವೇ ಕಂಡಿದೆ.

1995ರ ಜುಲೈ ತಿಂಗಳಲ್ಲಿ ಬೋಸ್ನಿಯದ ಸ್ರೆಬ್ರೆನಿಟ್ಸ ಪಟ್ಟಣವು ಬೋಸ್ನಿಯದ ಸರ್ಬ್ ಸೈನ್ಯದ ಕೈಸೇರಿತು. ವಿಶ್ವಸಂಸ್ಥೆ ಅದನ್ನು ಸುರಕ್ಷಿತ ಪ್ರದೇಶವೆಂದು ಸಾರಿತ್ತು. ಕಾವಲಿಗಿದ್ದವರು ನೀಲಿ ಟೋಪಿ ಧರಿಸಿದ ಡಚ್ ಸೈನಿಕರು. ಕೆಲವೇ ದಿನಗಳಲ್ಲಿ ಸುಮಾರು 8,000 ಗಂಡಸರೂ ಹುಡುಗರೂ ಕೊಲೆಯಾದರು. ಉಳಿದ ತಾಯಂದಿರು, ಹೆಂಡಂದಿರು ಒಂದು ಸಂಘ ಕಟ್ಟಿಕೊಂಡು 2007ರಲ್ಲಿ ಹೇಗ್ ನಗರದ ಜಿಲ್ಲಾ ನ್ಯಾಯಾಲಯಕ್ಕೆ ಬಂದು, ಡಚ್ ಸರ್ಕಾರ ಮತ್ತು ವಿಶ್ವಸಂಸ್ಥೆ ಇಬ್ಬರ ಮೇಲೆಯೂ ದಾವೆ ಹೂಡಿದರು. ವಿಶ್ವಸಂಸ್ಥೆ ಹಾಜರಾಗಲೇ ಇಲ್ಲ. ಅದರ ಮೇಲೆ ವಿಚಾರಣೆ ನಡೆಸುವ ಅಧಿಕಾರ ತನಗಿಲ್ಲವೆಂದು 2008ರಲ್ಲಿ ಜಿಲ್ಲಾ ನ್ಯಾಯಾಲಯ ಹೇಳಿತು. 2012ರ ಏಪ್ರಿಲ್ 13ರಂದು ದೇಶದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಹೇಳಿತು. ಬೇರೆ ಬಾಗಿಲು ಯಾವುದಿದೆ ಎಂದು ತಾಯಂದಿರು ಕೇಳಿದರು. ಸಂಸ್ಥೆ ಅವರಿಗಾಗಿ ಬೇರೆ ಬಾಗಿಲನ್ನು ತೆರೆದಿರಲಿಲ್ಲ. ಅದಿಲ್ಲವೆಂಬ ಕಾರಣದಿಂದ ರಕ್ಷೆ ಅಳಿಯದೆಂದು 2013ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಮಾನಿಸಿತು.

ಡಚ್ ಸರ್ಕಾರದ ಮೇಲಿನ ದಾವೆ ಮುಂದುವರಿಯಿತು. ಸೈನಿಕರ ಪಾಳೆಯದಲ್ಲಿ ಆಶ್ರಯ ಪಡೆದು, ಕಡೆಗೆ ಹೊರಗೆ ಕಳುಹಿಸಲ್ಪಟ್ಟ ಸುಮಾರು 350 ಗಂಡಸರ ವಿಷಯದಲ್ಲಿ ಸರ್ಕಾರದ ಹೊಣೆ ನೂರಕ್ಕೆ ಹತ್ತರಷ್ಟು ಎಂದು 2019ರ ಜುಲೈ 19ರಂದು ಅಂತಿಮ ತೀರ್ಪು ಬಂದಿತು. ಕೊಲೆಗೆ ಕಾರಣರಾದ ನಾಯಕರು ಇದೇ ಊರಿನ ಬೇರೊಂದು ನ್ಯಾಯಪೀಠದ ಮುಂದೆ ನಿಂತು ಯಾವಜ್ಜೀವ ಶಿಕ್ಷೆಯನ್ನು ಪಡೆದರು. ಹೀಗೆ ಕೊಂದವರ ಪಾಲು, ಕಾಯದೆ ಬಿಟ್ಟ ಸರ್ಕಾರದ ಪಾಲು ಎರಡೂ ಹೇಗ್ ನಗರದಲ್ಲಿ ಇತ್ಯರ್ಥವಾದವು. ಮೂರನೆಯವರ ಪಾಲನ್ನು ಯಾವ ಪೀಠವೂ ಅಳೆಯಲಿಲ್ಲ.

ಅಕಾಡೆಮಿಗೆ ಬರುವ ವಿದ್ಯಾರ್ಥಿಗೆ 1949ರ ಅಭಿಪ್ರಾಯವೂ 2012ರ ತೀರ್ಪೂ ಒಂದೇ ಗ್ರಂಥಭಂಡಾರದಲ್ಲಿ ಸಿಕ್ಕುತ್ತವೆ. ಮೊದಲನೆಯದು ಶಾಂತಿಸೌಧದ ಮಹಾಸಭಾಂಗಣದಲ್ಲಿ ಹುಟ್ಟಿದ್ದು. ಎರಡನೆಯದು ಅದೇ ಊರಿನ ಇನ್ನೊಂದು ಕಟ್ಟಡದಲ್ಲಿ. ತೀರ್ಪಿನ ದಿನ ಬೋಸ್ನಿಯಕ್ಕೆ ಹಿಂದಿರುಗಬೇಕಾಗಿದ್ದ ಹೆಂಗಸರಿಗೆ ಈ ಎರಡರ ಸಂಬಂಧವನ್ನು ತಿಳಿಯಹೇಳುವ ಕೆಲಸ ಅವರ ವಕೀಲರ ಪಾಲಿಗೆ ಬಂದಿತ್ತು.