ಗೋಡೆ ಕಟ್ಟಿದವರ ಹೆಸರು

ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ನೀವು ಎಂದಾದರೂ ಪೂರ್ತಿಯಾಗಿ ಓದಿದ್ದೀರಾ? ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ನಾನು ಅದನ್ನು ಹಾರಿಸಿ ನಾಲ್ಕನೆಯದಕ್ಕೆ ಹೋಗುತ್ತಿದ್ದೆ. ಬಿದ್ದುಹೋದ ಜೆರುಸಲೇಮಿನ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರು ಎಂಬ ಹೆಸರುಗಳ ಉದ್ದನೆಯ ಸಾಲು ಅದು. ಆ ಅಧ್ಯಾಯ ನನ್ನ ಬಳಿಗೆ ಮರಳಿ ಬಂದದ್ದು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮೂಲಕ.

ಅವರಲ್ಲಿ ಒಬ್ಬ ನಮ್ಮ ಧರ್ಮಕೇಂದ್ರದ ಹುಡುಗ. ಸಣ್ಣ ಉದ್ಯಮವೊಂದರ ಹಳೆಯ ಜಾಲತಾಣವನ್ನು ಹೊಸದಾಗಿ ರೂಪಿಸುವುದು ಅವರ ತಂಡಕ್ಕೆ ಬಂದ ಪ್ರಾಜೆಕ್ಟ್. ಬೆಟಗೇರಿಯ ಗುತ್ತಿಗೆದಾರರೊಬ್ಬರನ್ನು ಅವರು ಆರಿಸಿಕೊಂಡರು. ನಮ್ಮ ಸಮಾಧಿಭೂಮಿಯ ಗೋಡೆಯನ್ನು ಕಟ್ಟಿಸಿಕೊಟ್ಟವರು ಅವರೇ. ಹೀಗಾಗಿ ಸಂಜೆಯ ಚರ್ಚೆಗಳೆಲ್ಲ ಗುರುನಿವಾಸದ ಜಗುಲಿಯ ಮೇಲೆಯೇ ನಡೆದವು. ಚಹಾದ ಖರ್ಚು ನನ್ನದಾಯಿತು.

ಹಳೆಯ ತಾಣವನ್ನು ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತಿತ್ತು. ಅದನ್ನು ಹಳೆಯ ನುಡಿ ಲಿಪಿಯಲ್ಲಿ ಬರೆದಿದ್ದರು. ಆ ಲಿಪಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ, ಲಿಪಿ ಇಲ್ಲದ ಯಂತ್ರ ಕೆಳಗಿನ ಇಂಗ್ಲಿಷನ್ನೇ ತೋರಿಸುತ್ತದೆ, ಯುನಿಕೋಡಿನಲ್ಲಾದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ ಎಂದು ಮಕ್ಕಳು ನನಗೆ ತಿಳಿಸಿಕೊಟ್ಟರು. ಎಲ್ಲವನ್ನೂ ಪರಿವರ್ತಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತೊಡಕಾದದ್ದು ಚಿತ್ರಗಳದು. ಮುಖಪುಟದಲ್ಲಿ ಗಾಜಿನ ಬಹುಮಹಡಿ ಕಟ್ಟಡವೊಂದು ಹೊಳೆಯುತ್ತಿತ್ತು. ಅದು ಗದಗಿನದಲ್ಲ, ನಮ್ಮ ದೇಶದ್ದೂ ಇರಲಾರದು.

“ಚಂದ ಕಾಣ್ತದಂತ ಯಾರೋ ಹಾಕಿಕೊಟ್ಟಿದ್ರಿ ಫಾದರ್,” ಎಂದರು ಗುತ್ತಿಗೆದಾರರು, ಸ್ವಲ್ಪ ನಾಚಿಕೊಂಡು.

ಅವರು ನಿಜವಾಗಿ ಕಟ್ಟಿಸಿದ್ದೇನು? ಲಕ್ಷ್ಮೇಶ್ವರದಲ್ಲೊಂದು ಮನೆ, ಮುಂಡರಗಿಯಲ್ಲಿ ಅಂಗಡಿಗಳ ಒಂದು ಸಾಲು, ಶಿರಹಟ್ಟಿಯಲ್ಲೊಂದು ಆವರಣ ಗೋಡೆ. ಎರಡು ಭಾನುವಾರ ಬಲಿಪೂಜೆ ಮುಗಿದ ಮೇಲೆ ಮಕ್ಕಳು ಬಸ್ಸು ಹತ್ತಿ ಹೋಗಿ ಚಿತ್ರ ತೆಗೆದುಕೊಂಡು ಬಂದರು. (ಲಕ್ಷ್ಮೇಶ್ವರದಿಂದ ತಂದ ಚಿತ್ರಗಳಲ್ಲಿ ಮನೆಗಿಂತ ಸೋಮೇಶ್ವರ ದೇವಾಲಯವೇ ಹೆಚ್ಚಾಗಿತ್ತು. ನಾನು ಆಕ್ಷೇಪಿಸಲಿಲ್ಲ.) ಶಿರಹಟ್ಟಿಯ ಗೋಡೆಯಲ್ಲಿ ಹೊಸ ಕಟ್ಟಡದ ಒಂದು ತುಂಡು ಬೇರೆಯೇ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ನಮ್ಮ ಎರೆಮಣ್ಣಿನ ಸ್ವಭಾವ ನಿಮಗೆ ಗೊತ್ತೇ ಇದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ತಳಪಾಯ ಗಟ್ಟಿ ನೆಲ ಮುಟ್ಟದೆ ಆ ಗೋಡೆ ಸೀಳಿತ್ತು. ಗುತ್ತಿಗೆದಾರರು ಹಿಂತಿರುಗಿ ಹೋಗಿ, ಆ ಭಾಗ ಕೆಡವಿ, ಆಳ ತೋಡಿಸಿ, ಗರಸು ತುಂಬಿಸಿ, ಸ್ವಂತ ಖರ್ಚಿನಲ್ಲಿ ಮತ್ತೆ ಕಟ್ಟಿಸಿದ್ದರು. ಅದನ್ನು ತಾಣದಲ್ಲಿ ತೋರಿಸುವುದೋ ಬಿಡುವುದೋ? ಮೊದಲ ದಿನ ಬೇಡವೆಂದರು. ಮರುದಿನ ತಾವಾಗಿಯೇ ಫೋನು ಮಾಡಿ, “ಹಾಕ್ರಿ, ಆಗಿದ್ದು ಆಗೇತಿ,” ಎಂದರು.

ತಂಡದಲ್ಲಿದ್ದ ಹುಡುಗಿ ಇನ್ನೊಂದು ಪ್ರಶ್ನೆ ಎತ್ತಿದಳು. ಕೆಲಸದ ಚಿತ್ರದ ಕೆಳಗೆ ಕೆಲಸ ಮಾಡಿದವರ ಹೆಸರನ್ನೇಕೆ ಹಾಕಬಾರದು?

“ಗೌಂಡಿಗಳ ಹೆಸರು ಹಾಕಿದ್ರ ಬ್ಯಾರೇ ಗುತ್ತೇದಾರ್ರು ಕರಕೊಂಡು ಹೋಗ್ತಾರ ತಂಗಿ,” ಎಂದರು ಅವರು. ನ್ಯಾಯವಾದ ಭಯವೇ. ಒಳ್ಳೆಯ ಗೌಂಡಿ ಸಿಗುವುದು ಸುಲಭವಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಆಗ ಆಕೆ ನನ್ನತ್ತ ತಿರುಗಿ ಕೇಳಿದಳು: “ಫಾದರ್, ನಿಮ್ಮ ಗೋಡಿ ಕಟ್ಟಿದ ಗೌಂಡಿ ಹೆಸರೇನ್ರಿ?”

ನನಗೆ ಗೊತ್ತಿರಲಿಲ್ಲ. ಎರಡು ತಿಂಗಳು ಆ ಜನ ಇದೇ ಜಗುಲಿಯ ಕೊಡದಿಂದ ನೀರು ಕುಡಿದಿದ್ದರು. ಇದಕ್ಕಿಂತ ಭಾರವಾದ ಇನ್ನೊಂದು ಸಂಗತಿಯಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಗೋಡೆಯ ಕೊನೆಯ ಕಂತಿನ ಹಣವನ್ನು ನಾನು ಕೊಟ್ಟದ್ದು ಮೂರು ತಿಂಗಳು ತಡವಾಗಿ, ಹಬ್ಬದ ಕಾಣಿಕೆ ಬರಲಿ ಎಂದು ಕಾದು. ಆ ಸಂಜೆ ನಾನು ಒತ್ತಾಯಿಸಿ ಕೇಳಿದ ಮೇಲೆ ಗುತ್ತಿಗೆದಾರರು ಮೆಲ್ಲಗೆ ಹೇಳಿದರು: ಆ ಮೂರು ತಿಂಗಳು ಆಳುಗಳ ಪಗಾರದಲ್ಲಿ ಅರ್ಧ ಬಾಕಿ ಉಳಿದಿತ್ತಂತೆ. ತಡೆಹಿಡಿದ ಕೂಲಿಯ ಕೂಗಿನ ಕುರಿತು ಯಕೋಬನ ಪತ್ರವನ್ನು ಆಧರಿಸಿ ನಾನು ಎಷ್ಟು ಪ್ರಬೋಧನೆ ಮಾಡಿದ್ದೇನೋ ಲೆಕ್ಕವಿಲ್ಲ.

ಅಂದು ರಾತ್ರಿ ನೆಹೆಮೀಯನನ್ನು ತೆರೆದೆ. ಕ್ರಿಸ್ತಪೂರ್ವ 5ನೆಯ ಶತಮಾನದ ಆ ಪಟ್ಟಿಯಲ್ಲಿ ಅಕ್ಕಸಾಲಿಗನಿದ್ದಾನೆ, ಸುಗಂಧದ್ರವ್ಯ ತಯಾರಿಸುವವನಿದ್ದಾನೆ, ಶಲ್ಲೂಮ ಮತ್ತು ಅವನ ಹೆಣ್ಣುಮಕ್ಕಳಿದ್ದಾರೆ. ಕೆಲಸಕ್ಕೆ ಹೆಗಲು ಕೊಡದ ತೆಕೋವದ ಶ್ರೀಮಂತರೂ ಇದ್ದಾರೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡನೆಂಬ ಶಿಲ್ಪಿಯ ಹೆಸರಿರುವುದನ್ನು ನಾನು ಪ್ರವಾಸಿಗರಿಗೆ ಹೆಮ್ಮೆಯಿಂದ ಹೇಳಿದ್ದುಂಟು. ಎಂಟನೆಯ ಶತಮಾನದವನ ಹೆಸರು ಗೊತ್ತಿದ್ದ ನನಗೆ ಅಂಗಳದವನದು ಗೊತ್ತಿರಲಿಲ್ಲ.

ಮಕ್ಕಳು ಕೊನೆಗೆ ಒಂದು ದಾರಿ ಕಂಡುಕೊಂಡರು. ಒಪ್ಪಿದವರ ಹೆಸರು ಮಾತ್ರ. ಫೋನು ಸಂಖ್ಯೆ ಬೇಡ. ಇಬ್ಬರು ಒಲ್ಲೆವೆಂದರು, ಮೂವರು ಒಪ್ಪಿದರು. ಇಟ್ಟಿಗೆ ಹೊರುವ ಒಬ್ಬ ತಾಯಿ, ಫೋಟೋ ಬೇಡ, ಹೆಸರು ಇರಲಿ, ಮೊಮ್ಮಗಳು ಓದುತ್ತಾಳೆ ಎಂದರಂತೆ. ಗುತ್ತಿಗೆದಾರರ ಭಯ ಪೂರ್ತಿ ಹೋಗಿಲ್ಲ. ಮಕ್ಕಳಿಗೆ ಎಷ್ಟು ಅಂಕ ಬಂದವೆಂದು ನಾನು ಕೇಳಲು ಮರೆತೆ.

ಕಳೆದ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಆ ಐವರನ್ನೂ ಕರೆಸಿಕೊಂಡೆ. ತಡಮಾಡಿದ್ದಕ್ಕೆ ಕ್ಷಮೆ ಕೇಳಿದಾಗ ಹಿರಿಯ ಗೌಂಡಿ ಮುಜುಗರದಿಂದ ಬೇರೆಡೆ ನೋಡಿದರು. ಸಮಾಧಿಗಳ ಆಶೀರ್ವಾದ ಮುಗಿಯುವವರೆಗೂ ನಿಂತಿದ್ದು, ಆಮೇಲೆ ಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ಉತ್ತರದ ಮೂಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತರು.

“ಇಲ್ಲಿ ನೀರು ನಿಲ್ಲಾಕತ್ತೇತ್ರಿ ಫಾದರ್. ಮುಂದಿನ ಮಳಿಗಾಲದೊಳಗ ಒಂದು ತೂತ ಬಿಡಬೇಕ್ರಿ, ಇಲ್ಲಾಂದ್ರ ಇದೂ ಸೀಳತೇತಿ.”

ಯಾವಾಗ ಬರುತ್ತೀರಿ, ಕೂಲಿ ಎಷ್ಟು ಎಂದು ಕೇಳಿ, ಅವರ ಹೆಸರಿನ ಮುಂದೆ ಬರೆದುಕೊಂಡೆ.